ಹಳೇ ಪ್ಲೇಟು, ಹೊಸ ಪ್ಲೇಟು: ಓದುಗರ ಪ್ರಶ್ನೆಗಳಿಗೆ ಉತ್ತರ

ರಾಕ್ ಎಲ್‌ಪಿಗಳಲ್ಲಿ ಹಳೇ ಮುದ್ರಣ ಒಳ್ಳೆಯದೋ, ಈಗ ಬರುತ್ತಿರುವ ಮರುಮುದ್ರಣವೋ ಎಂದು ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಕದ್ರಿ, ಮಂಗಳೂರು

ಪ್ರಶ್ನೆ: ಮನೆಯ ಅಟ್ಟದಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಲ್‌ಪಿ ಸಿಕ್ಕಿದೆ. ಡಂಡಂನಲ್ಲಿ ತಯಾರಾದದ್ದು ಎಂದು ಬರೆದಿದೆ. ಇದು ಒರಿಜಿನಲ್, ಹೊಸ 180 ಗ್ರಾಂ ಪ್ಲೇಟಿಗಿಂತ ಚೆನ್ನಾಗಿಯೇ ಕೇಳಿಸುತ್ತದೆ ಎನ್ನುತ್ತಾರೆ ಗೆಳೆಯರು. ಹೌದೇ?

ಉತ್ತರ: ಹಳೆಯದು ಎಂಬ ಕಾರಣಕ್ಕೇ ಚೆನ್ನಾಗಿ ಕೇಳಿಸುವುದಿಲ್ಲ. ‘ಒರಿಜಿನಲ್’ ಎಂಬ ಒಂದೇ ಮಾತಿನಲ್ಲಿ ಹಲವು ಸಂಗತಿಗಳು ಕಲಸಿಹೋಗಿವೆ. ಪ್ಲೇಟು ಹುಟ್ಟುವ ಬಗೆ ಗೊತ್ತಾದರೆ ಅವನ್ನು ಬಿಡಿಸಿಕೊಳ್ಳುವುದು ಸುಲಭ.

ಸ್ಟುಡಿಯೋದ ಮಾಸ್ಟರ್ ಟೇಪನ್ನು ನುಡಿಸುತ್ತಾ ಕಟಿಂಗ್ ಎಂಜಿನಿಯರ್ ಒಂದು ಲ್ಯಾಕರ್ ಕೊರೆಯುತ್ತಾರೆ. ಲ್ಯಾಕರ್ ಎಂದರೆ ನೈಟ್ರೋಸೆಲ್ಯುಲೋಸ್ ಬಳಿದ ಅಲ್ಯೂಮಿನಿಯಂ ತಟ್ಟೆ. ಅದರ ಮೇಲೆ ಬೆಳ್ಳಿಯ ತೆಳು ಪದರ ಹಿಡಿಸಿ, ನಿಕ್ಕೆಲ್ ಬೆಳೆಸಿ ತೆಗೆದರೆ ‘ಫಾದರ್’. ಅದರಿಂದ ‘ಮದರ್’, ಮದರ್‌ನಿಂದ ‘ಸ್ಟ್ಯಾಂಪರ್’. ಪ್ರೆಸ್ಸಿನಲ್ಲಿ ಬಿಸಿ ಪಿವಿಸಿ ಮೇಲೆ ಒತ್ತುವುದು ಈ ಸ್ಟ್ಯಾಂಪರನ್ನೇ. ಹಾಗಾಗಿ ಕೇಳಬೇಕಾದದ್ದು ಇಷ್ಟು: ಕೊರೆದವರಿಗೆ ಸಿಕ್ಕಿದ್ದು ಮೂಲ ಟೇಪೋ, ಅದರ ನಕಲೋ? ಕೊರೆದವರು ಯಾರು? ಸ್ಟ್ಯಾಂಪರ್ ಎಷ್ಟು ಸವೆದಿತ್ತು? ಪಿವಿಸಿ ಎಂಥದ್ದು? ಇಷ್ಟರ ಮೇಲೆ, ಆ ಪ್ಲೇಟು ಐವತ್ತು ವರ್ಷ ಯಾರ ಮನೆಯಲ್ಲಿ, ಯಾವ ಮುಳ್ಳಿನ ಕೆಳಗೆ ತಿರುಗಿತು?

ಮೊದಲ ಪ್ರಶ್ನೆಗಳಿಗೆ ಉತ್ತರ ನಿಮ್ಮ ಪ್ಲೇಟಿನಲ್ಲೇ ಇದೆ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪಾದ ಜಾಗಕ್ಕೆ ಡೆಡ್‌ವ್ಯಾಕ್ಸ್ ಎನ್ನುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು ಅಲ್ಲಿರುವ ಗುರುತುಗಳನ್ನು ಓದಿ. ಬ್ರಿಟನ್ನಿನ ಮೊದಲ ಮುದ್ರಣ 1973ರದು. ಹಾರ್ವೆಸ್ಟ್ ಲೇಬಲ್, ‘ಎಸ್‌ಎಚ್‌ವಿಎಲ್ 804’ ಸಂಖ್ಯೆ, ಲೇಬಲ್ ಮೇಲೆ ಗೆರೆಯಷ್ಟೇ ಅಲ್ಲದೆ ತುಂಬು ನೀಲಿ ತ್ರಿಕೋನ, ಡೆಡ್‌ವ್ಯಾಕ್ಸ್‌ನಲ್ಲಿ ಸಂಖ್ಯೆಯ ಬೆನ್ನಿಗೆ ‘ಎ-2’, ‘ಬಿ-2’. ಬಾಲದ ಅಂಕಿ ದೊಡ್ಡದಾದಷ್ಟೂ ಅದು ಆಮೇಲೆ ಕೊರೆದ ಲ್ಯಾಕರ್ ಎಂದರ್ಥ.

ಹಾರ್ವೆಸ್ಟ್ ಲೇಬಲ್‌ನ ಒಡೆಯ ಇಎಂಐ ಕಂಪನಿಗೆ ಬ್ರಿಟನ್ನಿನ ಹೇಯ್ಸ್‌ನಲ್ಲಿದ್ದ ಕಾರ್ಖಾನೆಯ ಪ್ಲೇಟುಗಳಲ್ಲಿ ಇನ್ನೂ ಒಂದು ಗುಟ್ಟಿದೆ. ಸಂಖ್ಯೆ ನಿಮ್ಮ ಎದುರಿಗೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಬರುವಂತೆ ಪ್ಲೇಟು ಹಿಡಿಯಿರಿ. ಒಂಬತ್ತು ಗಂಟೆಯ ಜಾಗದಲ್ಲಿ ಒಂದು ಅಂಕಿ ಇದ್ದರೆ ಅದು ಮದರ್‌ನ ಕ್ರಮಸಂಖ್ಯೆ. ಮೂರು ಗಂಟೆಯ ಜಾಗದಲ್ಲಿ ಒಂದೆರಡು ಅಕ್ಷರ ಇದ್ದರೆ ಅದು ಸ್ಟ್ಯಾಂಪರ್‌ನ ಕ್ರಮಸಂಖ್ಯೆ. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ ಇವು ಕ್ರಮವಾಗಿ 1ರಿಂದ 9. ಡಿ ಎಂದರೆ ಸೊನ್ನೆ. ‘ಗ್ರಾಮಫೋನ್ ಲಿಮಿಟೆಡ್’ ಎಂಬ ಹೆಸರಿನಿಂದಲೇ ಎತ್ತಿಕೊಂಡ ಅಕ್ಷರಗಳು. ‘ಆರ್‌ಎ’ ಕಂಡರೆ 23ನೇ ಸ್ಟ್ಯಾಂಪರ್. ಎರಡಕ್ಷರದ್ದು ಮೂರಕ್ಷರದ್ದಕ್ಕಿಂತ ಮೊದಲಿನದು. ಇಷ್ಟು ಓದಲು ಬಂದರೆ ಮಾರುವವನ ಮಾತು ನೆಚ್ಚಿಕೊಳ್ಳಬೇಕಿಲ್ಲ.

ಡಂಡಂ ಪ್ಲೇಟಿಗೆ ಬರೋಣ. ಕೋಲ್ಕತ್ತದ ಆ ಕಾರ್ಖಾನೆ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾದ್ದು. ನಿಮ್ಮದು ಭಾರತದ ಮುದ್ರಣ, ಬ್ರಿಟನ್ನಿನ ಮೊದಲ ಮುದ್ರಣವಲ್ಲ. ಆದರೂ ಡೆಡ್‌ವ್ಯಾಕ್ಸ್‌ನಲ್ಲಿ ಬ್ರಿಟಿಷ್ ಮ್ಯಾಟ್ರಿಕ್ಸ್ ಸಂಖ್ಯೆಯೇ (ಯಾವ ಲ್ಯಾಕರ್ ಎಂದು ಗುರುತಿಸುವ ಸಂಖ್ಯೆ) ಇದ್ದರೆ, ಅಲ್ಲಿ ಕೊರೆದ ಲ್ಯಾಕರ್‌ನ ಸಂತಾನವೇ ನಿಮ್ಮ ಕೈಯಲ್ಲಿದೆ. ಬೀಟಲ್ಸ್ ಪ್ಲೇಟುಗಳಲ್ಲೂ ಹೀಗೆಯೇ ನೋಡಬೇಕು: ‘ಎಕ್ಸ್‌ಇಎಕ್ಸ್’ ಎಂದಿದ್ದರೆ ಮೋನೋ, ‘ವೈಇಎಕ್ಸ್’ ಎಂದಿದ್ದರೆ ಸ್ಟೀರಿಯೋ. ಆಗ ನಾದದ ಸಮತೋಲ ಬ್ರಿಟಿಷ್ ಪ್ಲೇಟಿಗೆ ಹತ್ತಿರವೇ ಇರುತ್ತದೆ. ವ್ಯತ್ಯಾಸ ಕಾಣುವುದು ಮೇಲ್ಮೈಯ ಸದ್ದಿನಲ್ಲಿ.

ಅದನ್ನು ಪರೀಕ್ಷಿಸಲು ಇದೇ ಆಲ್ಬಮ್ ಒಳ್ಳೆಯ ಸಾಧನ. ಮೊದಲ ಬದಿ ತೆರೆದುಕೊಳ್ಳುವುದು ಮೆಲ್ಲನೆ ಏರಿ ಬರುವ ಎದೆಬಡಿತದಿಂದ. ಎರಡನೇ ಬದಿ ಮುಗಿಯುವುದೂ ಅದೇ ಬಡಿತ ಕರಗುತ್ತಾ ಹೋಗುವುದರಿಂದ. ಪ್ಲೇಟಿನ ಹೊರ ಅಂಚಿನಲ್ಲಿ ಒಂದು ಮೌನ, ಒಳ ಅಂಚಿನಲ್ಲಿ ಒಂದು ಮೌನ. ಎರಡೂ ಕಡೆ ಬಡಿತ ಸದ್ದಿನಿಂದ ಬೇರೆಯಾಗಿ ಎದ್ದು ಕೇಳಿಸಿದರೆ ಪ್ಲೇಟನ್ನು ಜೋಪಾನ ಮಾಡಿ, ಹೊಸದು ಬೇಡ. ಬಡಿತದ ಮೇಲೆ ಒಗ್ಗರಣೆ ಸಿಡಿದಂತಿದ್ದರೆ ಮೊದಲು ತೊಳೆಯಿರಿ. ಆಮೇಲೂ ಹಾಗೇ ಇದ್ದರೆ ಮರುಮುದ್ರಣ ಕೊಳ್ಳಿ. 2003ರದನ್ನು ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ, 2016ರದನ್ನು ಜೇಮ್ಸ್ ಗಥ್ರಿ, ಜೋಯಲ್ ಪ್ಲಾಂಟ್ ಮತ್ತು ಬರ್ನಿ ಗ್ರಂಡ್‌ಮನ್ ಮಾಡಿದ್ದಾರೆ. ಎರಡೂ ನಂಬಿ ಕೊಳ್ಳಬಹುದಾದ ಕೆಲಸ.

ಮಣಿಪಾಲ

ಪ್ರಶ್ನೆ: ಹೊಸ ಪ್ಲೇಟುಗಳ ಮೇಲೆ ‘180 ಗ್ರಾಂ’ ಎಂಬ ಸ್ಟಿಕ್ಕರ್ ಇರುತ್ತದೆ. ಭಾರ ಹೆಚ್ಚಾದರೆ ಧ್ವನಿ ಉತ್ತಮವಾಗುತ್ತದೆಯೇ? ದಪ್ಪ ಪ್ಲೇಟಿಗೆ ಟೋನ್‌ಆರ್ಮ್ (ಮುಳ್ಳು ಹಿಡಿದಿರುವ ತೋಳು) ಎತ್ತರ ಬದಲಿಸಬೇಕೇ?

ಉತ್ತರ: ಇಲ್ಲ. 120 ಗ್ರಾಮಿನ ಪ್ಲೇಟಿನಲ್ಲಿರುವ ತೋಡಿನ ಆಳ, ಅಗಲವೇ 180 ಗ್ರಾಮಿನದರಲ್ಲೂ ಇರುವುದು. ಭಾರದ ಪ್ಲೇಟು ಸುಲಭಕ್ಕೆ ಡೊಂಕಾಗುವುದಿಲ್ಲ, ಕೈಗೆ ಘನವಾಗಿ ಸಿಗುತ್ತದೆ, ಅಷ್ಟೇ ಲಾಭ. ಒತ್ತುವಾಗ ಅವಸರ ಮಾಡಿದರೆ ದಪ್ಪ ಪ್ಲೇಟಿನಲ್ಲೇ ತೊಂದರೆ ಹೆಚ್ಚು. ಅದನ್ನು ಸುರತ್ಕಲ್ ಓದುಗರ ಪ್ರಶ್ನೆಯಲ್ಲಿ ನೋಡಿ.

ಎತ್ತರದ ಲೆಕ್ಕವೂ ಸರಳ. ಸುಮಾರು 230 ಮಿ.ಮೀ. ಉದ್ದದ ಟೋನ್‌ಆರ್ಮ್‌ನ ಬುಡ 1 ಮಿ.ಮೀ. ಏರಿದರೆ ಮುಳ್ಳಿನ ಓರೆ ಬದಲಾಗುವುದು ಕಾಲು ಡಿಗ್ರಿ ಮಾತ್ರ. ತೆಳು ಪ್ಲೇಟಿಗೂ ದಪ್ಪ ಪ್ಲೇಟಿಗೂ ಅಷ್ಟು ಅಂತರವೂ ಇರುವುದಿಲ್ಲ. ಒಮ್ಮೆ ಸರಿಯಾಗಿ ಕೂರಿಸಿ, ಮತ್ತೆ ಮುಟ್ಟಬೇಡಿ.

ಕಲ್ಸಂಕ, ಉಡುಪಿ

ಪ್ರಶ್ನೆ: ಮರುಮುದ್ರಣಗಳನ್ನು ಡಿಜಿಟಲ್ ಫೈಲಿನಿಂದ ಕೊರೆಯುತ್ತಾರಂತೆ. ಹಾಗಿದ್ದರೆ ಸಿಡಿಯನ್ನೇ ಕೇಳಬಹುದಲ್ಲ, ಎಲ್‌ಪಿಗೆ ಯಾಕೆ ದುಡ್ಡು ಕೊಡಬೇಕು?

ಉತ್ತರ: ಡಿಜಿಟಲ್ ಎಂಬುದೇ ದೋಷವಲ್ಲ. ಬಚ್ಚಿಡುವುದು ದೋಷ. ಬೀಟಲ್ಸ್ ತಂಡದ ಉದಾಹರಣೆ ಎದುರಿಗೇ ಇದೆ. 2012ರ ಸ್ಟೀರಿಯೋ ಎಲ್‌ಪಿಗಳನ್ನು ಕೊರೆದದ್ದು 2009ರ ರೀಮಾಸ್ಟರ್‌ನ (ಟೇಪಿನ ನಾದವನ್ನು ಹೊಸದಾಗಿ ಹದಮಾಡಿದ್ದು) 24 ಬಿಟ್, 44.1 ಕಿಲೋಹರ್ಟ್ಸ್ ಫೈಲುಗಳಿಂದ. 2014ರ ಮೋನೋ ಎಲ್‌ಪಿಗಳನ್ನು ಷಾನ್ ಮಗೀ ಮತ್ತು ಸ್ಟೀವ್ ಬರ್ಕೊವಿಟ್ಜ್ ಮೂಲ ಮೋನೋ ಟೇಪಿನಿಂದ, ನಡುವೆ ಯಾವ ಡಿಜಿಟಲ್ ಹಂತವೂ ಇಲ್ಲದೆ ಮಾಡಿಸಿದರು. ಎರಡೂ ಎಲ್ಲಿಂದ ಬಂದವು ಎಂದು ಮೊದಲೇ ತಿಳಿಸಿದ್ದರಿಂದ ಕೊಳ್ಳುವವನಿಗೆ ಆಯ್ಕೆ ಇತ್ತು. ನಮ್ಮ ತೀರ್ಪು ಕೇಳಿದರೆ, ಬೀಟಲ್ಸ್ ಮರುಮುದ್ರಣಗಳಲ್ಲಿ ದುಡ್ಡಿಗೆ ತಕ್ಕದ್ದು 2014ರ ಮೋನೋ. ಒಳ್ಳೆಯ ಸ್ಥಿತಿಯ ಹಳೇ ಹಳದಿ-ಕಪ್ಪು ಪಾರ್ಲೊಫೋನ್ ಲೇಬಲ್ಲಿನ ಬ್ರಿಟಿಷ್ ಪ್ಲೇಟು ಹುಡುಕುವ ತಾಪತ್ರಯ ತಪ್ಪುತ್ತದೆ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದು 2022ರ ಜುಲೈಯಲ್ಲಿ ಗೊತ್ತಾಯಿತು. ಮೂಲ ಟೇಪಿನ ಹೆಸರಿನಲ್ಲಿ ದುಬಾರಿ ಪ್ಲೇಟು ಮಾರುತ್ತಿದ್ದ ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆ, ವರ್ಷಗಳಿಂದ ತನ್ನ ಅನೇಕ ಪ್ಲೇಟುಗಳಿಗೆ ಟೇಪನ್ನು ಮೊದಲು ಡಿಎಸ್‌ಡಿ ಎಂಬ ಬಗೆಯ ಡಿಜಿಟಲ್ ಫೈಲಾಗಿಸಿ ಆಮೇಲೆ ಕೊರೆಯುತ್ತಿತ್ತು ಎಂದು ಅದರ ಎಂಜಿನಿಯರುಗಳೇ ಒಪ್ಪಿದರು. ಅಷ್ಟು ದಿನ ಆ ಪ್ಲೇಟುಗಳನ್ನು ಶುದ್ಧ ಅನಲಾಗ್ ಎಂದು ಕೊಂಡಾಡಿದವರ ಕಿವಿಗೂ ಆ ಹಂತ ಸಿಕ್ಕಿರಲಿಲ್ಲ. ಇದರಿಂದ ಕಲಿಯಬೇಕಾದದ್ದು ಎರಡು: ಒಳ್ಳೆಯ ಡಿಜಿಟಲ್ ಹಂತ ಕಿವಿಗೆ ಸಿಕ್ಕುವುದು ಕಷ್ಟ; ಆದರೂ ಕೊಳ್ಳುವವನಿಗೆ ನಿಜ ಹೇಳಲೇಬೇಕು. ಇನ್ನೊಂದು ಸಂಗತಿ. 1970ರ ದಶಕದ ಕೊನೆಯಿಂದ ಅನೇಕ ಕಟಿಂಗ್ ಕೋಣೆಗಳಲ್ಲಿ ತೋಡುಗಳ ನಡುವಿನ ಅಂತರ ಹೊಂದಿಸಲು ಡಿಜಿಟಲ್ ಡಿಲೇ ಯಂತ್ರ ಬಂದಿತ್ತು. ಎಂಬತ್ತರ ದಶಕದ ‘ಅನಲಾಗ್’ ಪ್ಲೇಟುಗಳಲ್ಲಿ ಎಷ್ಟೋ ಈ ದಾರಿಯಲ್ಲಿ ಹಾದು ಬಂದವು.

ಹಾಗಾದರೆ ಸಿಡಿ ಸಾಕಲ್ಲವೇ? ಎರಡಕ್ಕೂ ಒಂದೇ ಮಾಸ್ಟರ್ (ಹದಮಾಡಿ ಸಿದ್ಧಪಡಿಸಿದ ಮೂಲಪ್ರತಿ) ಆಗಿದ್ದರೆ ಸಾಕು. ಆದರೆ ಸಿಡಿಗೆಂದು ಒತ್ತಿ ಹಿಸುಕಿ ಜೋರು ಮಾಡಿದ ಮಾಸ್ಟರ್ ಒಂದು, ಎಲ್‌ಪಿಗೆಂದು ಉಸಿರಾಡಲು ಬಿಟ್ಟ ಮಾಸ್ಟರ್ ಇನ್ನೊಂದು ಇದ್ದಾಗ ಎಲ್‌ಪಿ ಗೆಲ್ಲುತ್ತದೆ. ಗೆದ್ದದ್ದು ಪ್ಲಾಸ್ಟಿಕ್ ಅಲ್ಲ, ಮಾಸ್ಟರಿಂಗ್. ಎಲ್‌ಪಿಯ ‘ಡಿಆರ್’ ಅಂಕ (ಶಿಖರಕ್ಕೂ ಸರಾಸರಿ ಮಟ್ಟಕ್ಕೂ ಇರುವ ಅಂತರದ ಅಳತೆ) ಹೆಚ್ಚು ಎಂದು ತೋರಿಸುವ ಪಟ್ಟಿಗಳನ್ನು ಇದಕ್ಕೆ ಸಾಕ್ಷಿಯಾಗಿ ತರಬೇಡಿ. ಒಂದೇ ಫೈಲನ್ನು ಎಲ್‌ಪಿಗೆ ಕೊರೆದು ಮತ್ತೆ ರೆಕಾರ್ಡ್ ಮಾಡಿದರೂ ತರಂಗಗಳ ಫೇಸ್ ಸರಿದು ಶಿಖರಗಳು ಎತ್ತರವಾಗುತ್ತವೆ. ಡಿಆರ್ ಕೆಲವು ಅಂಕ ಏರಿಬಿಡುತ್ತದೆ. ಸಂಗೀತದಲ್ಲಿ ಏನೂ ಕೂಡಿಲ್ಲ.

ಬಲ್ಮಠ, ಮಂಗಳೂರು

ಪ್ರಶ್ನೆ: ಒಂದೇ ಆಲ್ಬಮಿನ 1970ರ ದಶಕದ ಪ್ಲೇಟು, ಮರುಮುದ್ರಣ ಎರಡೂ ಇವೆ. ಒಂದು ದಿನ ಹಳೆಯದು ಚೆನ್ನ ಅನಿಸುತ್ತದೆ, ಇನ್ನೊಂದು ದಿನ ಹೊಸದು. ಸರಿಯಾಗಿ ಹೋಲಿಸುವುದು ಹೇಗೆ?

ಉತ್ತರ: ದಿನಕ್ಕೊಂದು ತೀರ್ಪು ಬರಲು ಮುಖ್ಯ ಕಾರಣ ವಾಲ್ಯೂಮ್. ಎರಡು ಪ್ಲೇಟುಗಳನ್ನು ಒಂದೇ ಮಟ್ಟದಲ್ಲಿ ಕೊರೆದಿರುವುದಿಲ್ಲ. ಒಂದು ಡೆಸಿಬೆಲ್ ಜೋರಾದದ್ದು ನಮಗೆ ಜೋರು ಎನಿಸುವುದಿಲ್ಲ. ಬೇಸ್ ತುಂಬಿದೆ, ಗಿಟಾರ್ ಹತ್ತಿರ ಬಂದಿದೆ ಎನಿಸುತ್ತದೆ. ಆದ್ದರಿಂದ ಮಟ್ಟ ಸರಿಗಟ್ಟದೆ ಹೋಲಿಸುವುದು ವ್ಯರ್ಥ.

ಮೊದಲು ಎರಡನ್ನೂ ಒಂದೇ ರೀತಿ ತೊಳೆಯಿರಿ, ಒಂದೇ ಟರ್ನ್‌ಟೇಬಲ್, ಒಂದೇ ಮುಳ್ಳು. ಮುಳ್ಳಿನ ಭಾರವನ್ನು ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ. ಆರ್ಮ್‌ನ ಮೇಲಿನ ಅಂಕಿಯನ್ನೇ ನಂಬಬೇಡಿ. ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಪೆಟ್ಟಿಗೆ) ಆಡಿಯೋ ಟೆಕ್ನಿಕಾ ವಿಎಂ95ಇ ಇದ್ದರೆ 2 ಗ್ರಾಂ, ಆರ್ಟೊಫಾನ್ 2ಎಂ ರೆಡ್ ಇದ್ದರೆ 1.8 ಗ್ರಾಂ. ಕಡಿಮೆ ಭಾರ ಹಾಕಿದರೆ ಪ್ಲೇಟು ಉಳಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆಗುವುದು ತಿರುಗಾಮುರುಗಾ: ಹಗುರ ಮುಳ್ಳು ಜೋರಾದ ಜಾಗದಲ್ಲಿ ತೋಡಿನ ಗೋಡೆ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ, ಗೋಡೆ ಜಜ್ಜಿಹೋಗುತ್ತದೆ.

ನಂತರ ಫೋನೋ ಪ್ರೀಆಂಪ್‌ನಿಂದ (ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಅದೇ ಹಾಡನ್ನು ಎರಡೂ ಪ್ಲೇಟಿನಿಂದ ತುಂಬಿಸಿಕೊಳ್ಳಿ. ಅತಿ ಜೋರಾದ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ (ಒಳಬರುವ ಧ್ವನಿಯ ಮಟ್ಟ) ಇಡಿ. ಮುಳ್ಳು ಇಳಿಯುವಾಗಿನ ದಡಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಾಡಿನಿಂದ 15–20 ಸೆಕೆಂಡಿನ ತುಣುಕು ಕತ್ತರಿಸಿ, ಮೊದಲು 20 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆಯಿರಿ. ಡೊಂಕು ಪ್ಲೇಟಿನ ಗುಡುಗು ಅಲ್ಲಿರುತ್ತದೆ, ಅಳತೆ ಕೆಡಿಸುತ್ತದೆ. ಆಮೇಲೆ ಎರಡೂ ತುಣುಕಿಗೆ ‘ಲೌಡ್‌ನೆಸ್ ನಾರ್ಮಲೈಸೇಶನ್’ ಕೊಡಿ. ಅದರಲ್ಲಿ ಮೊದಲೇ ಇರುವ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರನ್ನು ಅಳೆಯುವ ಮಾನ) ಸಾಕು. ಶಿಖರ ನೋಡಿ ಸರಿಗಟ್ಟುವ ಸಾದಾ ‘ನಾರ್ಮಲೈಸ್’ ಬಳಸಬೇಡಿ. ಒಂದೇ ಒಂದು ‘ಟಿಕ್’ ಸದ್ದು ಶಿಖರವಾಗಿ, ಆ ಪ್ಲೇಟಿನ ಹಾಡೇ ಮೆತ್ತಗಾಗಿಬಿಡುತ್ತದೆ.

ತುಣುಕು ಚಿಕ್ಕದೇ ಇರಲಿ. ಸಣ್ಣ ವೇಗ ವ್ಯತ್ಯಾಸ ಎಲ್ಲ ಟರ್ನ್‌ಟೇಬಲ್‌ಗಳಲ್ಲೂ ಇರುತ್ತದೆ, 0.3 ಶೇಕಡ ಆದರೂ ಮೂರು ನಿಮಿಷಕ್ಕೆ ಅರ್ಧ ಸೆಕೆಂಡು ಜಾರುತ್ತದೆ, ಆಮೇಲೆ ಎರಡನ್ನೂ ಒಂದೇ ಜಾಗದಲ್ಲಿ ಬದಲಿಸಿ ಕೇಳಲಾಗದು. ಹೊರ ಅಂಚಿನ ಹಾಡಿಂದೊಂದು, ಬದಿಯ ಕೊನೆಯ ಹಾಡಿಂದೊಂದು ತುಣುಕು ಇರಬೇಕು. ಕಾರಣವಿದೆ. ಪ್ಲೇಟು ತಿರುಗುವ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ತೋಡು ಹರಿಯುವ ವೇಗ ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆಂ.ಮೀ., ಒಳಗೆ ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. ಅಲ್ಲಿ ತಾಳದ ಝಲ್ಲರಿ, ಹಾಡಿನ ಸಕಾರಗಳೆಲ್ಲ ಇಕ್ಕಟ್ಟಿನಲ್ಲಿ ಬರೆಯಲ್ಪಟ್ಟಿರುತ್ತವೆ. ಹಳೇ ಪ್ಲೇಟು ಸವೆದಿರುವುದು ಮೊದಲು ಗೊತ್ತಾಗುವುದೂ ಅಲ್ಲೇ. ನಮ್ಮ ಕಡೆ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳ ಸೆರಾಮಿಕ್ ಮುಳ್ಳು ಐದಾರು ಗ್ರಾಂ ಭಾರದಲ್ಲಿ ಉತ್ತುತ್ತಾ ಹೋಗುತ್ತಿತ್ತು. ಕೊಳೆಯಾದರೆ ಸದ್ದು ಎಲ್ಲೆಂದರಲ್ಲಿ ಸಿಡಿಯುತ್ತದೆ. ಸವೆತವಾದರೆ ಸಂಗೀತ ಜೋರಾದಾಗ ಮಾತ್ರ ಹರಿದ ಸ್ಪೀಕರಿನಂತೆ ಕೇಳಿ, ಸಂಗೀತ ಇಳಿದಾಗ ತಾನೂ ಇಳಿಯುತ್ತದೆ. ಕೊಳೆಯನ್ನು ತೊಳೆಯಬಹುದು. ಸವೆತಕ್ಕೆ ಮದ್ದಿಲ್ಲ. ಮೈಕ್ರೋಲೈನ್, ಶಿಬಾಟಾ ಮಾದರಿಯ ಸೂಕ್ಷ್ಮ ಮುಳ್ಳು ಹಾಕಿದರೆ ಗೋಡೆಯಲ್ಲಿ ಹಳೇ ಮುಳ್ಳು ಮುಟ್ಟದ ಜಾಗ ಸಿಕ್ಕಿ ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಸುಧಾರಿಸುವುದುಂಟು.

ಕೊನೆಗೆ ಕೇಳುವ ಕೆಲಸ. ಫೂಬಾರ್2000 ತಂತ್ರಾಂಶಕ್ಕೆ ಪೂರಕವಾಗಿ ಎಬಿಎಕ್ಸ್ ಪರೀಕ್ಷೆ ಸಿಗುತ್ತದೆ: ಯಾವುದು ನುಡಿಯುತ್ತಿದೆ ಎಂದು ತೋರಿಸದೆ ಕೇಳಿಸುತ್ತದೆ, ನೀವು ಗುರುತಿಸಬೇಕು. 16ರಲ್ಲಿ 12 ಸರಿ ಬಂದರೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆ ಎನ್ನಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ 4 ಶೇಕಡಕ್ಕಿಂತ ಕಡಿಮೆ. ಆದರೆ ಎಲ್‌ಪಿಗಳಲ್ಲಿ ಇಲ್ಲೊಂದು ಮೋಸವಿದೆ. ಒಂದು ತುಣುಕಿನಲ್ಲಿ ‘ಟಿಕ್’ ಇದ್ದರೆ ಅದನ್ನೇ ಗುರುತು ಹಿಡಿದು 16ಕ್ಕೆ 16 ಬರುತ್ತದೆ, ನಾದದ ಬಗ್ಗೆ ಏನೂ ತಿಳಿದಿರುವುದಿಲ್ಲ. ಟಿಕ್ ಇಲ್ಲದ ತುಣುಕೇ ಆರಿಸಿ. ಯಾವುದು ಇಷ್ಟ ಎಂದು ತಿಳಿಯಬೇಕಿದ್ದರೆ ಮನೆಯ ಇನ್ನೊಬ್ಬರ ಕೈಯಲ್ಲಿ ಫೈಲುಗಳ ಹೆಸರು ಬದಲಿಸಿ, ಮೂರು ಬೇರೆ ದಿನ ಕೇಳಿ ಬರೆದಿಡಿ, ಆಮೇಲೆ ಬಿಚ್ಚಿ ನೋಡಿ.

ಹೊಸದು ಕಿವಿಗೆ ಚುಚ್ಚುತ್ತದೆ ಎಂದಾದರೆ ಮರುಮುದ್ರಣವನ್ನು ದೂರುವ ಮೊದಲು ಕೆಪ್ಯಾಸಿಟೆನ್ಸ್ (ವೈರುಗಳು ವಿದ್ಯುತ್ತು ಹಿಡಿದಿಟ್ಟುಕೊಳ್ಳುವ ಗುಣ, ಅಳತೆ ಪಿಕೋಫ್ಯಾರಡ್‌ನಲ್ಲಿ) ನೋಡಿಕೊಳ್ಳಿ. ವಿಎಂ95 ಸರಣಿಯ ಕಾರ್ಟ್ರಿಜ್ ಕೇಳುವುದು 100ರಿಂದ 200 ಪಿಕೋಫ್ಯಾರಡ್. ಆರ್ಮ್‌ನ ವೈರು, ಕೇಬಲ್, ಪ್ರೀಆಂಪ್ ಮೂರರದ್ದೂ ಕೂಡಿ ಅದನ್ನು ದಾಟಿದರೆ ಮೇಲಿನ ಸ್ವರಗಳಲ್ಲಿ ಉಬ್ಬು ಏಳುತ್ತದೆ. ಸವೆದ ಹಳೇ ಪ್ಲೇಟಿನಲ್ಲಿ ಆ ಸ್ವರಗಳೇ ಕುಂದಿರುವುದರಿಂದ ಉಬ್ಬು ಹಿತವಾಗುತ್ತದೆ. ಹೊಸ ಪ್ಲೇಟಿನಲ್ಲಿ ಅದೇ ಉಬ್ಬು ಚುಚ್ಚುತ್ತದೆ. ‘ಹಳೇ ಪ್ಲೇಟಿನ ಬೆಚ್ಚನೆಯ ನಾದ’ ಎಂದು ಹೇಳುವುದರಲ್ಲಿ ಅರ್ಧ ಪಾಲು ಇಂಥದ್ದೇ. ಉದ್ದ ಕೇಬಲ್ ತೆಗೆದು ಚಿಕ್ಕದು ಹಾಕಿ ನೋಡಿ.

ಸುರತ್ಕಲ್

ಪ್ರಶ್ನೆ: ಹೊಸದಾಗಿ ತರಿಸಿದ ಮರುಮುದ್ರಣದಲ್ಲಿ ಬಟ್ಟೆ ಹರಿದಂತೆ ಪರಪರ ಸದ್ದು, ಒಂದೇ ಕಡೆಯ ಸ್ಪೀಕರಿನಲ್ಲಿ. ಕೊನೆಯ ಹಾಡಿನಲ್ಲಿ ಪಿಯಾನೋ ಶ್ರುತಿ ಓಲಾಡುತ್ತದೆ. ಮುಳ್ಳು ಹಾಳಾಗಿದೆಯೇ?

ಉತ್ತರ: ಎರಡೂ ಪ್ಲೇಟಿನ ದೋಷದಂತೆಯೇ ಇವೆ. ಖಾತರಿ ಮಾಡಿಕೊಳ್ಳಲು ಬೇರೆ ಪ್ಲೇಟು ಹಾಕಿ. ಅದರಲ್ಲಿ ಸದ್ದು ಇಲ್ಲದಿದ್ದರೆ ಮುಳ್ಳು ಸರಿಯಾಗಿದೆ.

ಪರಪರ ಸದ್ದಿಗೆ ‘ನಾನ್‌ಫಿಲ್’ ಎನ್ನುತ್ತಾರೆ. ಪಿವಿಸಿ ಸಾಕಷ್ಟು ಬಿಸಿಯಾಗದೆ ಇಲ್ಲವೇ ಪ್ರೆಸ್ಸನ್ನು ಬೇಗ ತೆರೆದುಬಿಟ್ಟರೆ, ಸ್ಟ್ಯಾಂಪರಿನ ಏಣುಗಳ ಮೂಲೆವರೆಗೆ ಪ್ಲಾಸ್ಟಿಕ್ ಹರಿಯುವುದಿಲ್ಲ. ತೋಡಿನ ಒಂದು ಗೋಡೆ ನುಣುಪಾಗದೆ ಕುಳಿಕುಳಿಯಾಗಿ ಉಳಿಯುತ್ತದೆ. ಸ್ಟೀರಿಯೋ ಎಲ್‌ಪಿಯಲ್ಲಿ ಎಡ, ಬಲ ಎರಡೂ ಬೇರೆ ಬೇರೆ ಗೋಡೆಯಲ್ಲಿರುವುದರಿಂದ ಸದ್ದೂ ಒಂದೇ ಕಡೆ. ಪ್ಲೇಟನ್ನು ಕಿಟಕಿ ಬೆಳಕಿಗೆ ಓರೆ ಹಿಡಿದರೆ ಬೂದುಬಣ್ಣದ, ಹೊಲಿಗೆ ಹಾಕಿದಂಥ ಚುಕ್ಕಿಗಳು ಕಾಣುತ್ತವೆ. ಒಂದು ಸುತ್ತಿಗೆ 1.8 ಸೆಕೆಂಡು, ಸದ್ದು ಅದೇ ಲಯದಲ್ಲಿ ಮರಳಿ ಬರುತ್ತದೆ. ತೊಳೆದರೆ ಹೋಗದು. ಮೊದಲು ಫೋಟೋ ತೆಗೆಯಿರಿ, ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಮಾರಿದವರಿಗೆ ವಾಪಸು ಮಾಡಿ. ಬದಲಿಗೆ ಕೊಡುವ ಪ್ಲೇಟು ಅದೇ ಕಂತಿನದಾದರೆ ಅದರಲ್ಲೂ ಇರಬಹುದು, ಹಾಗಾಗಿ ಹಣವನ್ನೇ ಕೇಳುವುದು ಮೇಲು.

ಶ್ರುತಿ ಓಲಾಡುವುದು ತೂತು ನಡುವಿನಲ್ಲಿ ಇಲ್ಲದ್ದರಿಂದ. ಕೊನೆಯ ತೋಡಿನಲ್ಲಿ ಟೋನ್‌ಆರ್ಮ್ ತೊಟ್ಟಿಲಿನಂತೆ ಅತ್ತಿತ್ತ ಆಡುತ್ತಿದ್ದರೆ ಅದೇ ರೋಗ. ತೂತು 1 ಮಿ.ಮೀ. ಸರಿದಿದ್ದರೆ ಹೊರ ಅಂಚಿನಲ್ಲಿ ಶ್ರುತಿ 0.7 ಶೇಕಡ ಏರಿಳಿದರೆ, ಒಳಗಡೆ 1.7 ಶೇಕಡ ಏರಿಳಿಯುತ್ತದೆ. ಗಿಟಾರಿನಲ್ಲಿ ಮರೆಯಾಗಬಹುದು, ಪಿಯಾನೋ, ಆರ್ಗನ್ ತಡೆಯಲಾರವು. ಗುಂಡು ಅರದಿಂದ ತೂತು ಹಿಗ್ಗಿಸಿ ಪ್ಲೇಟನ್ನು ಸರಿಸಿ ಕೂರಿಸುವವರಿದ್ದಾರೆ. ವಾಪಸು ಮಾಡುವ ಅವಧಿ ಮುಗಿದ ಮೇಲೆ ಮಾತ್ರ ಆ ದಾರಿ ಹಿಡಿಯಿರಿ.

ಮಣಿಪಾಲ (ಇನ್ನೊಬ್ಬರು)

ಪ್ರಶ್ನೆ: ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿ ತಿಂಗಳಿಗೊಂದು ಪ್ಲೇಟು ಕೊಳ್ಳುತ್ತೇನೆ. ಯಾವ ರಾಕ್ ಆಲ್ಬಮಿಗೆ ಹಳೆಯದೇ ಬೇಕು, ಯಾವುದಕ್ಕೆ ಹೊಸದು ಸಾಕು?

ಉತ್ತರ: ನಿಯಮವಿಲ್ಲ, ಆಲ್ಬಮ್ ಹಿಡಿದೇ ಹೇಳಬೇಕು. ಹಳೆಯದಕ್ಕೆ ಒಂದು ಸಹಜ ಅನುಕೂಲ ಇದೆ: ಟೇಪು ಹೊಸದಾಗಿದ್ದಾಗ ಕೊರೆದದ್ದು. ಬ್ರಿಟಿಷ್ ತಂಡದ ಆಲ್ಬಮನ್ನು ಅಮೆರಿಕದಲ್ಲಿ ಒತ್ತುವಾಗ ಅನೇಕ ಸಲ ಕಳುಹಿಸುತ್ತಿದ್ದುದು ನಕಲು ಟೇಪು, ಹಾಗಾಗಿ ತಂಡದ ಊರಿನ ಮುದ್ರಣ ಹುಡುಕುವ ರೂಢಿ ಬಂತು. ಆದರೆ ಲೆಡ್ ಜೆಪ್ಪೆಲಿನ್ ತಂಡದ 1969ರ ಎರಡನೇ ಆಲ್ಬಮ್ ಆ ರೂಢಿಗೆ ಹೊರತು. ಅಮೆರಿಕದ ಮೊದಲ ಮುದ್ರಣವನ್ನು ಬಾಬ್ ಲುಡ್‌ವಿಗ್ ಎಷ್ಟು ಜೋರಾಗಿ ಕೊರೆದಿದ್ದರೆಂದರೆ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರತೊಡಗಿ, ಕಂಪನಿ ಮತ್ತೊಮ್ಮೆ ಮೆತ್ತಗೆ ಕೊರೆಸಿತು. ಡೆಡ್‌ವ್ಯಾಕ್ಸ್‌ನಲ್ಲಿ ‘ಆರ್‌ಎಲ್’, ‘ಎಸ್‌ಎಸ್’ ಇರುವ ಆ ಮೊದಲ ಪ್ಲೇಟಿಗೆ ಸಾಟಿಯಾದ ಮರುಮುದ್ರಣ ನಮ್ಮ ಅಭಿಪ್ರಾಯದಲ್ಲಿ ಬಂದಿಲ್ಲ. ಬೆಲೆ ಮಾತ್ರ ವಿದ್ಯಾರ್ಥಿಯ ಕೈಗೆ ಎಟುಕದು. ಜಿಮ್ಮಿ ಪೇಜ್ ಮೇಲ್ವಿಚಾರಣೆಯಲ್ಲಿ ಬಂದ 2014ರ ಮರುಮುದ್ರಣ ಸ್ವಚ್ಛ, ನಿಶ್ಶಬ್ದ. ಅದರಲ್ಲಿ ನಿಮಗೆ ಕೊರತೆ ಕಾಣದು.

ಡೈರ್ ಸ್ಟ್ರೇಟ್ಸ್ ತಂಡದ 1985ರ ‘ಬ್ರದರ್ಸ್ ಇನ್ ಆರ್ಮ್ಸ್’ಗೆ ಹಳೆಯದರ ಬೆನ್ನು ಹತ್ತಲೇಬೇಡಿ. ಅದು ಹುಟ್ಟಿದ್ದೇ ಡಿಜಿಟಲ್ ರೆಕಾರ್ಡಿಂಗ್ ಆಗಿ. ಒಂದೇ ಎಲ್‌ಪಿಯಲ್ಲಿ ಹಿಡಿಸಲು ಹಾಡುಗಳನ್ನು ಮೊಟಕು ಮಾಡಿದ್ದರು: ‘ಮನಿ ಫಾರ್ ನಥಿಂಗ್’ ಸಿಡಿಯಲ್ಲಿ 8 ನಿಮಿಷ 26 ಸೆಕೆಂಡು, ಎಲ್‌ಪಿಯಲ್ಲಿ 7 ನಿಮಿಷ 4 ಸೆಕೆಂಡು. ಈಗಿನ ಎರಡು ಪ್ಲೇಟಿನ ಮರುಮುದ್ರಣಗಳಲ್ಲಿ ಹಾಡುಗಳು ಪೂರ್ತಿ ಇವೆ, ತೋಡಿಗೆ ಜಾಗವೂ ಇದೆ. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ರೂಮರ್ಸ್’ಗೂ ಹಾಗೆಯೇ: ಸ್ಟೀವ್ ಹಾಫ್‌ಮನ್ ಮತ್ತು ಕೆವಿನ್ ಗ್ರೇ ಅನಲಾಗ್ ಟೇಪಿನಿಂದ ಮಾಡಿದ 45 ಸುತ್ತಿನ ಎರಡು ಪ್ಲೇಟಿನ ಆವೃತ್ತಿ ಸಿಕ್ಕರೆ ಬಿಡಬೇಡಿ. ಎಲ್ವಿಸ್ ಕಾಲದ, 1963ಕ್ಕೆ ಹಿಂದಿನ ರಾಕ್ ಅಂಡ್ ರೋಲ್ ಪ್ಲೇಟುಗಳಲ್ಲಿ ಮಾತ್ರ ಎಚ್ಚರ. ಯೂರೋಪಿನಲ್ಲಿ ಅವುಗಳ ಧ್ವನಿಮುದ್ರಣ ಹಕ್ಕು ಮುಗಿದಿರುವುದರಿಂದ ಯಾರು ಬೇಕಾದರೂ ಸಿಡಿಯಿಂದಲೇ ಕೊರೆದು ಮಾರಬಹುದು. ಅಗ್ಗ, ಮಿರಿಮಿರಿ ಕವರ್, ಕೊರೆದವರ ಹೆಸರು ಎಲ್ಲೂ ಇಲ್ಲ. ಹೆಸರಿಲ್ಲದ್ದನ್ನು ಕೊಳ್ಳಬೇಡಿ.

ಬಿಜೈ, ಮಂಗಳೂರು

ಪ್ರಶ್ನೆ: ಸೌದಿಯಿಂದ ತಂದ ಹಳೇ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ನಲ್ಲಿ ಎಲ್ಲ ಪ್ಲೇಟುಗಳೂ ಎಳೆದು ಹಾಡುತ್ತವೆ. ಬೆಲ್ಟ್ ಬದಲಿಸಿದರೂ ಅಷ್ಟೇ.

ಉತ್ತರ: ದುಬೈ, ಮಸ್ಕತ್, ಕುವೈತ್‌ನಿಂದ ಬಂದದ್ದಾಗಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಸೌದಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಎಸಿ ಸಿಂಕ್ರನಸ್ ಮೋಟಾರು ಹರ್ಟ್ಸ್ ಹಿಡಿದೇ ತಿರುಗುವುದರಿಂದ ಇಲ್ಲಿ ಆರರಲ್ಲಿ ಐದು ಪಾಲು ವೇಗ. ಶ್ರುತಿ ಮೂರು ಮನೆ ಕೆಳಗೆ. ಪ್ಲೇಟಿನ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿ: 30 ಸುತ್ತಿಗೆ 54 ಸೆಕೆಂಡು ಬೇಕು. ನಿಮ್ಮದರಲ್ಲಿ 65ರ ಹತ್ತಿರ ಬಂದರೆ ಕಾರಣ ಇದೇ. ಅದೇ ಮಾದರಿಯ 50 ಹರ್ಟ್ಸ್ ಪುಲ್ಲಿ ಹುಡುಕಿ, ಇಲ್ಲವೇ ಲೇತ್ ಕೆಲಸದವರಲ್ಲಿ ಈಗಿನದರ 1.2 ಪಟ್ಟು ವ್ಯಾಸದ ಹಿತ್ತಾಳೆ ಪುಲ್ಲಿ ಮಾಡಿಸಿ. ವೋಲ್ಟೇಜ್ ಬರಹವನ್ನೂ ನೋಡಿ. 127 ವೋಲ್ಟಿನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡಿ. ಆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ.

ಮಲ್ಪೆ

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಹಳೇ ಎಲ್‌ಪಿಗಳ ಮೇಲೆ ಬಿಳಿ ಬೂಷ್ಟು. ಬಾವಿನೀರು, ಪಾತ್ರೆ ಸೋಪಿನಿಂದ ತೊಳೆದೆ. ಸದ್ದು ಇನ್ನೂ ಹೆಚ್ಚಿತು.

ಉತ್ತರ: ಬಾವಿನೀರಿನ ಲವಣ, ಕಬ್ಬಿಣದ ಅಂಶ ತೋಡಿನಲ್ಲೇ ಒಣಗಿ ಕೂತಿವೆ. ಸೋಪಿನಲ್ಲಿರುವ ಸುಗಂಧ, ಕೈ ಮೆತ್ತಗಾಗಿಸುವ ದ್ರವ್ಯಗಳೂ ಹಾಗೆಯೇ. ಮತ್ತೆ ತೊಳೆದರೆ ಸರಿಹೋಗುತ್ತದೆ.

750 ಮಿ.ಲೀ. ಡಿಸ್ಟಿಲ್ಡ್ ನೀರು, 250 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲ್, ಫೋಟೋ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಐದಾರು ಹನಿ. ಹನಿ ಹೆಚ್ಚಾದರೆ ಅದೇ ಅಂಟಾಗಿ ಉಳಿಯುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. 78 ಸುತ್ತಿನ ಹಳೇ ಅರಗಿನ ಪ್ಲೇಟುಗಳಿಗೆ ಈ ದ್ರಾವಣ ತಾಗಿಸಲೇಬಾರದು. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಮೊದಲು ಹೊರಗೆ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ಒಣ ಬೂಷ್ಟು ಉದುರಿಸಿ. ಒದ್ದೆ ಮಾಡಿ ಉಜ್ಜಿದರೆ ಅದು ತೋಡಿನೊಳಗೆ ಕೆಸರಾಗುತ್ತದೆ. ಲೇಬಲ್‌ಗೆ ತಾಗದಂತೆ ದ್ರಾವಣ ಹಚ್ಚಿ, ಎರಡು ನಿಮಿಷ ಬಿಟ್ಟು, ತೋಡಿನ ದಿಕ್ಕಿನಲ್ಲೇ ಐದಾರು ಸುತ್ತು ಬ್ರಷ್ ಮಾಡಿ, ಬರೀ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಒಲೆ, ದೀಪ ಹತ್ತಿರ ಇರಬಾರದು, ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ.

ಹಳೇ ಕಾಗದದ ಒಳಚೀಲಗಳನ್ನು ಎಸೆಯಿರಿ, ಬೂಷ್ಟಿನ ಬೀಜ ಅದರಲ್ಲೇ ಇದೆ. ದಪ್ಪ, ಮೆತ್ತನೆಯ ಪಿವಿಸಿ ಚೀಲವೂ ಬೇಡ. ಸೆಕೆಗೆ ಅದರ ಎಣ್ಣೆ ಬಿಟ್ಟು ಪ್ಲೇಟಿನ ಮೇಲೆ ಮಂಜು ಹಿಡಿದಂತೆ ಕಲೆಯಾಗುತ್ತದೆ, ಅದು ಹೋಗುವುದಿಲ್ಲ. ಪಾಲಿಥೀನ್ ಒಳಚೀಲ ಹಾಕಿ. ಕಪಾಟು ಮುರಕಲ್ಲಿನ ಹೊರಗೋಡೆಗೆ ಒರಗಿದ್ದರೆ ಒಂದು ಗೇಣು ಈಚೆ ಎಳೆಯಿರಿ. ಆಟಿ ತಿಂಗಳಲ್ಲಿ ಆ ಗೋಡೆ ನೀರು ಕುಡಿದು ಕೂತಿರುತ್ತದೆ. ತೊಳೆದ ಪ್ಲೇಟು ನಮ್ಮ ಕರಾವಳಿಯಲ್ಲಿ ಅರ್ಧ ಗಂಟೆಗೆ ಒಣಗಿದಂತೆ ಕಂಡರೂ ತೋಡಿನ ತಳ ಒಣಗಿರುವುದಿಲ್ಲ. ಫ್ಯಾನಿನ ಕೆಳಗೆ ನೆಟ್ಟಗೆ ನಿಲ್ಲಿಸಿ ಕನಿಷ್ಠ ಮೂರು ಗಂಟೆ ಬಿಟ್ಟು, ಆಮೇಲೆ ಚೀಲಕ್ಕೆ ಹಾಕಿ.